ನಿಕಾನ್ ಒಳಗೆ ಸೋನಿ ಸೆನ್ಸರ್ ಇದ್ದರೆ ಸೋನಿ ಕ್ಯಾಮೆರಾನೇ ತಗೊಳ್ಳಬೇಕಾ?

ಕ್ಯಾಮೆರಾದ ಸೆನ್ಸರ್ (ಬೆಳಕನ್ನು ಹಿಡಿದು ಚಿತ್ರ ಮಾಡುವ ಚಿಪ್) ಯಾರು ಮಾಡ್ತಾರೆ, ನಿಕಾನ್ ಒಳಗೂ ಸೋನಿಯದೇ ಇದ್ದರೆ ಅಣ್ಣನ ಹಳೇ ನಿಕಾನ್ ಲೆನ್ಸುಗಳನ್ನು ಬಿಟ್ಟು ಸೋನಿಗೇ ಹೋಗಬಾರದೇಕೆ ಅಂತ ಕೇಳಿದ್ದೀರಿ. ನಾನು ಮದುವೆ ಫೋಟೋ ತೆಗೆಯುವವನು, ಎರಡನ್ನೂ ಬಳಸಿದ್ದೇನೆ.

ಸೆನ್ಸರ್ ತಯಾರಿಕೆಯಲ್ಲಿ ಸೋನಿಯದೇ ದೊಡ್ಡ ಕೈ. ಫ್ಯೂಜಿಫಿಲ್ಮ್, ಪೆಂಟಾಕ್ಸ್, ನಿಕಾನ್‌ನ ಎಷ್ಟೋ ಕ್ಯಾಮೆರಾಗಳಿಗೆ ಅಲ್ಲಿಂದಲೇ ಹೋಗುತ್ತದೆ. 2016ರ ಏಪ್ರಿಲ್‌ನಲ್ಲಿ ಜಪಾನಿನ ಕುಮಮೊಟೊದಲ್ಲಿ ಭೂಕಂಪ ಆಗಿ ಸೋನಿಯ ಸೆನ್ಸರ್ ಕಾರ್ಖಾನೆ ನಿಂತಾಗ, ಬೇರೆ ಕಂಪನಿಗಳ ಕ್ಯಾಮೆರಾಗಳೂ ತಡವಾದವು. ಕ್ಯಾನನ್ ಮಾತ್ರ 2000ದ ಡಿ30 ಕ್ಯಾಮೆರಾ ಕಾಲದಿಂದ ತನ್ನ ಬಹುತೇಕ ಎಸ್‌ಎಲ್‌ಆರ್‌ಗಳಿಗೆ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾಗಳಿಗೆ) ತಾನೇ ಸೆನ್ಸರ್ ಮಾಡಿಕೊಂಡು ಬಂದಿದೆ. ಆದರೆ ಅದರ ಕೆಲವು ಪುಟ್ಟ ಕ್ಯಾಮೆರಾಗಳಲ್ಲಿ ಇರುವುದು ಸೋನಿಯದೇ! ನಿಕಾನ್ ಡಿ5200ಕ್ಕೆ ತೋಷಿಬಾ ಕೊಟ್ಟಿತ್ತು, ಲೈಕಾ ಎಂ240ಕ್ಕೆ ಬೆಲ್ಜಿಯಂನ ಸಿಮೋಸಿಸ್. ಸ್ಯಾಮ್‌ಸಂಗ್, ಓಮ್ನಿವಿಷನ್ ಹೆಚ್ಚಾಗಿ ಮೊಬೈಲ್ ಕಡೆ.

ಆದರೆ ಒಂದೇ ಕಾರ್ಖಾನೆಯದು ಅಂದ ಮಾತ್ರಕ್ಕೆ ಫೋಟೋ ಒಂದೇ ಥರ ಬರಲ್ಲ. ಇದು ನನಗೆ ಅರ್ಥವಾಗಿದ್ದು ಸೆನ್ಸರ್ ಒರೆಸುವಾಗ. ಮಂಟಪದಲ್ಲಿ ಹೋಮದ ಹೊಗೆ, ಅರಿಶಿನದ ಪುಡಿ ಎಲ್ಲ ಇರುತ್ತಲ್ವಾ, ಅಲ್ಲೇ ಅವಸರದಲ್ಲಿ ಲೆನ್ಸ್ ಬದಲಿಸಿದರೆ ಧೂಳು ಒಳಗೆ ಹೋಗುತ್ತದೆ. ಎಫ್16ರಲ್ಲಿ, ಅಂದರೆ ಲೆನ್ಸಿನ ಕಿಂಡಿ ತುಂಬಾ ಚಿಕ್ಕದು ಮಾಡಿ, ಆಕಾಶದ ಫೋಟೋ ತೆಗೆದರೆ ಬೂದು ಚುಕ್ಕೆಗಳು. ಕನ್ನಡಿ ಮೇಲೆತ್ತಿ ಟಾರ್ಚ್ ಹಿಡಿದರೆ ಹಸಿರು, ನೇರಳೆ ಹೊಳಪಿನ ಒಂದು ಗಾಜು ಕಾಣುತ್ತದೆ. ನಾವು ಒರೆಸುವುದು ಆ ಫಿಲ್ಟರ್ ಗಾಜನ್ನು. ನಿಜವಾದ ಸೆನ್ಸರ್ ಅದರ ಹಿಂದಿದೆ.

ಆ ಗಾಜು ಹೇಗಿರಬೇಕು ಅಂತ ತೀರ್ಮಾನಿಸುವುದು ಕ್ಯಾಮೆರಾ ಕಂಪನಿ. 2012ರಲ್ಲಿ ನಿಕಾನ್ ಡಿ800, ಡಿ800ಇ ಅಂತ ಎರಡು ತಂದಿತು. ಎರಡರಲ್ಲೂ ಸೋನಿ ತಯಾರಿಸಿದ ಅದೇ 36 ಮೆಗಾಪಿಕ್ಸೆಲ್ ಸೆನ್ಸರ್. ಡಿ800ರ ಗಾಜು ಚಿತ್ರವನ್ನು ಒಂದು ಕೂದಲೆಳೆ ಮೆದು ಮಾಡುತ್ತಿತ್ತು, ಬಟ್ಟೆಯ ನೇಯ್ಗೆಯಲ್ಲಿ ಸುಳ್ಳು ಪಟ್ಟೆಗಳು ಮೂಡದಿರಲಿ ಅಂತ. ಡಿ800ಇಯಲ್ಲಿ ಆ ಪರಿಣಾಮ ಇರಲಿಲ್ಲ. ಫ್ಯೂಜಿ ಇನ್ನೂ ಮುಂದೆ ಹೋಗಿ ಎಕ್ಸ್-ಟ್ರಾನ್ಸ್ ಅಂತ ಸೆನ್ಸರ್ ಮೇಲಿನ ಕೆಂಪು, ಹಸಿರು, ನೀಲಿ ಚೌಕಗಳ ಜೋಡಣೆಯನ್ನೇ ಬದಲಿಸಿತು. ಇದರ ಮೇಲೆ ಪ್ರತಿ ಕಂಪನಿಯ ಪ್ರೊಸೆಸರ್, ಬಣ್ಣದ ಲೆಕ್ಕಾಚಾರ ಬೇರೆ. ಸೀರೆಯ ಕೆಂಪು, ಮದುಮಗಳ ಮುಖದ ಬಣ್ಣ ಹೇಗೆ ಬರುತ್ತೆ ಅನ್ನೋದರಲ್ಲಿ ಇವಕ್ಕೆಲ್ಲ ದೊಡ್ಡ ಪಾಲಿದೆ.

ಹಾಗಾಗಿ ಸುಮ್ನೆ ಸೆನ್ಸರ್ ಹೆಸರಿಗಾಗಿ ಲೆನ್ಸ್ ಬಿಡಬೇಡಿ. ಮೊದಲು ಅಣ್ಣನ ಲೆನ್ಸುಗಳನ್ನು ತಿರುಗಿಸಿ ನೋಡಿ. ಎಎಫ್-ಎಸ್ (ಫೋಕಸ್ ಮೋಟಾರ್ ಲೆನ್ಸ್ ಒಳಗೇ ಇದೆ) ಅಂತ ಬರೆದಿದ್ದರೆ, ಹಳೇ ಲೆನ್ಸನ್ನು ಹೊಸ ಕ್ಯಾಮೆರಾಗೆ ಜೋಡಿಸುವ ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರ್ ಹಾಕಿ ಹೊಸ ನಿಕಾನ್ ಝಡ್ ಕ್ಯಾಮೆರಾದಲ್ಲಿ ಆಟೋಫೋಕಸ್ ಸಮೇತ ಬಳಸಬಹುದು. ಒಳಗೆ ಮೋಟಾರ್ ಇಲ್ಲದ ಹಳೇ ಎಎಫ್-ಡಿ ಆಗಿದ್ದರೆ ಆ ಅಡಾಪ್ಟರ್‌ನಲ್ಲಿ ಆಟೋಫೋಕಸ್ ಇರಲ್ಲ, ಫೋಕಸ್ ಉಂಗುರವನ್ನು ಕೈಯಲ್ಲೇ ತಿರುಗಿಸಬೇಕು. ಲೆನ್ಸುಗಳೆಲ್ಲ ಆ ಥರದವೇ ಆಗಿದ್ದರೆ ಮಾತ್ರ ಸೋನಿಯನ್ನೂ ಕೈಯಲ್ಲಿ ಹಿಡಿದು ನೋಡಿ.