ಸಿಗರೇಟು ಬಿಡುತ್ತಿರುವವರ ಜೊತೆ ಸೇರಿದರೆ ನಿಜಕ್ಕೂ ಉಪಯೋಗವಿದೆಯೇ?

ನಿಮ್ಮ ಪ್ರಶ್ನೆ ಓದಿದೆ. ಹನ್ನೊಂದು ವರ್ಷದಿಂದ ಸೇದುತ್ತಿದ್ದೀರಿ, ಮೂರು ಸಲ ಬಿಟ್ಟಿದ್ದೀರಿ, ಮೂರು ಸಲವೂ ತಿಂಗಳೊಳಗೆ ಮತ್ತೆ ಹಚ್ಚಿದ್ದೀರಿ. ಬಿಡುತ್ತಿರುವ ಬೇರೆಯವರ ಜೊತೆ ಸೇರಿಕೊಂಡರೆ ಪ್ರಯೋಜನವಿದೆಯೇ, ಇಲ್ಲ ಅದೆಲ್ಲ ಬರೀ ಸಮಾಧಾನದ ಮಾತೇ, ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಲದೇ ಎಂದು ಕೇಳಿದ್ದೀರಿ.

ಮನಸ್ಸಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ನನ್ನ ಮನಸ್ಸು ಗಟ್ಟಿಯೇ ಇತ್ತು. ಯುಗಾದಿಗೆ ಒಮ್ಮೆ ಬಿಟ್ಟೆ, ಮಗಳು ಹುಟ್ಟಿದಾಗ ಒಮ್ಮೆ, ಅಪ್ಪ ತೀರಿಕೊಂಡಾಗ ಒಮ್ಮೆ. ಆ ಮೂರನೆಯದು ತಿಥಿ ಊಟ ಮುಗಿದ ಸಂಜೆಯವರೆಗೂ ಬಾಳಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂದಳು ಹೆಂಡತಿ. ಇದು ಹುಟ್ಟುಗುಣವಲ್ಲ, ಸುಟ್ಟು ಸುಟ್ಟೇ ಕಲಿತದ್ದು ಎಂದು ನಾನು ಎದುರುತ್ತರ ಕೊಟ್ಟೆ. ಬುದ್ಧಿ ಚುರುಕಾಗಿಯೇ ಇತ್ತು, ಬೆರಳ ಸಂದಿಯಲ್ಲಿ ಸಿಗರೇಟೂ ಇತ್ತು.

ಇನ್ನೊಂದು ಸಂಗತಿ ಹೇಳದಿದ್ದರೆ ತಪ್ಪಾಗುತ್ತದೆ. ನಾನು ಪಿರಿಯಾಪಟ್ಟಣದ ಕಡೆಯವನು. ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದರು. ನನ್ನ ಶಾಲೆಯ ಶುಲ್ಕ, ಅಕ್ಕನ ಮದುವೆ, ಮನೆಯ ಹೆಂಚು ಎಲ್ಲವೂ ಹರಾಜು ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ಬೇಲು (ದೊಡ್ಡ ಕಟ್ಟು) ಏನು ಬೆಲೆಗೆ ಹೋಯಿತು ಎಂಬುದರ ಮೇಲೆ ನಿಂತಿದ್ದವು. ಹಾಗಾಗಿ ತಂಬಾಕನ್ನು ಬಯ್ಯುವ ಭಾಷಣ ನನ್ನ ಬಾಯಿಂದ ಸಲೀಸಾಗಿ ಬರುವುದಿಲ್ಲ. ಸೇದುವುದನ್ನು ಬಿಟ್ಟು ಮೂರು ವರ್ಷ ನಾಲ್ಕು ತಿಂಗಳಾಯಿತು, ಅಷ್ಟೇ.

ನಾಲ್ಕನೆಯ ಸಲ ಬಿಡಲು ಹೊರಟಾಗ ಮೈಸೂರಿನಲ್ಲಿ ತಂಬಾಕು ಬಿಡಿಸುವ ಚಿಕಿತ್ಸೆ ಕೊಡುವ ಒಂದು ಕಡೆ ಹೋದೆ. ಅಲ್ಲಿ ಒಂದು ಸಣ್ಣ ಯಂತ್ರಕ್ಕೆ ಊದಿಸುತ್ತಾರೆ. ನಮ್ಮ ಉಸಿರಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಎಷ್ಟಿದೆ ಎಂದು ಅದು ಅಂಕಿಯಲ್ಲಿ ತೋರಿಸುತ್ತದೆ. ಹತ್ತಕ್ಕಿಂತ ಮೇಲಿದ್ದರೆ ಸೇದುವವನೆಂದೇ ಲೆಕ್ಕ. ನನಗೆ 24 ಬಂತು. ನನ್ನ ಹಿಂದೆ ನಿಂತಿದ್ದ ಗಾರೆ ಕೆಲಸದವರಿಗೆ 31. ಅವರು ಆಪ್ತಸಮಾಲೋಚಕಿಯನ್ನು ಗಂಭೀರವಾಗಿ ಕೇಳಿದರು: "ಪಾಸಾಗಲು ಎಷ್ಟು ಬೇಕಮ್ಮಾ?" ಬೆಂಚಿನಲ್ಲಿ ಕುಳಿತವರೆಲ್ಲ ನಕ್ಕೆವು. ಗುಂಪು ಎಂದು ನೀವು ಕರೆಯುವುದು ಹುಟ್ಟಿದ್ದು ಆ ನಗುವಿನಲ್ಲಿ. ಹೊರಗೆ ಬಂದು ನಾಲ್ವರು ಮೊಬೈಲ್ ಸಂಖ್ಯೆ ಬರೆದುಕೊಂಡೆವು. ಒಬ್ಬರು ಆ ಗಾರೆ ಮೇಸ್ತ್ರಿ, ದಿನಕ್ಕೆ ಎರಡು ಕಟ್ಟು ಬೀಡಿ. ಒಬ್ಬರು ನಿವೃತ್ತ ಬಸ್ ಚಾಲಕರು, ನಾವು ಡ್ರೈವರಣ್ಣ ಎನ್ನುತ್ತೇವೆ. ಅವರು ನಮಗಿಂತ ಮೂರು ವಾರ ಮೊದಲೇ ಬಿಟ್ಟಿದ್ದರು. ಇನ್ನೊಬ್ಬರು ಕಾಲೇಜಿನಲ್ಲಿ ಪಾಠ ಹೇಳುವ ಮೇಡಂ. ನಾಲ್ಕನೆಯವನು ಲೆಕ್ಕಪತ್ರ ಬರೆಯುವ ನಾನು.

ಮೇಡಂ ಅವರ ಕಷ್ಟ ನಮ್ಮ ಯಾರಿಗೂ ಇರಲಿಲ್ಲ. ಅವರು ಸೇದುತ್ತಿದ್ದುದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಬಿಟ್ಟಾಗ ಮೈಯೆಲ್ಲ ಸಿಡಿಸಿಡಿ ಎನ್ನುತ್ತದೆ, ನಿದ್ದೆ ಬರುವುದಿಲ್ಲ, ಹಲ್ಲಿಯ ಸದ್ದಿಗೂ ಕೋಪ ಬರುತ್ತದೆ. ನಾನಾದರೆ ಹೆಂಡತಿಯ ಮುಂದೆ ಇಂಥ ಕಾರಣ ಎಂದು ಹೇಳಿ ಮಾಫಿ ಕೇಳಬಹುದಿತ್ತು. ಅವರು ಯಾರಿಗೆ ಹೇಳಬೇಕು? ಬಿಟ್ಟಿದ್ದಕ್ಕೆ ಶಹಬ್ಬಾಸ್ ಬೇಕೆಂದರೆ ಸೇದುತ್ತಿದ್ದೆ ಎಂದು ಮೊದಲು ಒಪ್ಪಿಕೊಳ್ಳಬೇಕು. ಮೊದಲ ಮೂರು ವಾರ ಅವರ ಸಿಟ್ಟನ್ನೆಲ್ಲ ನಾವು ಮೂವರು ಫೋನಿನಲ್ಲಿ ಬಯ್ಯಿಸಿಕೊಂಡು ತೀರಿಸಿದೆವು. ನಿಮ್ಮ ಪ್ರಶ್ನೆಗೆ ಇದು ಒಂದು ಉತ್ತರ.

ನಮ್ಮ ನಡುವೆ ಇದ್ದ ನಿಯಮ ಒಂದೇ. ಹಚ್ಚಬೇಕೆನಿಸಿದರೆ ಹಚ್ಚುವ ಮೊದಲು ಯಾರಿಗಾದರೂ ಫೋನ್ ಮಾಡಬೇಕು. ಹಚ್ಚಿದ ಮೇಲೆ ಮಾಡಿದರೂ ಬಯ್ಯುವಂತಿಲ್ಲ. ಆ ಹಪಾಹಪಿ ಒಮ್ಮೆಗೆ ಐದು ನಿಮಿಷ, ಹೆಚ್ಚೆಂದರೆ ಹತ್ತು ನಿಮಿಷ ಏರಿ ಇಳಿಯುತ್ತದೆ. ಆ ಐದು ನಿಮಿಷದಲ್ಲಿ ಉಪದೇಶ ಕೇಳುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ. ಡ್ರೈವರಣ್ಣನಿಗೆ ಇದು ಗೊತ್ತಿತ್ತು. ನಾನು ಫೋನ್ ಮಾಡಿ "ಅಣ್ಣಾ, ಅಂಗಡಿಯ ಮುಂದೆ ನಿಂತಿದ್ದೇನೆ" ಎಂದರೆ ಅವರು ಬೇಡ ಎನ್ನುತ್ತಿರಲಿಲ್ಲ. "ಸರಿ, ಮಡಿಕೇರಿ ಬಿಟ್ಟೆವು ಎಂದುಕೋ" ಎಂದು ಶುರು ಮಾಡುತ್ತಿದ್ದರು. ಮೈಸೂರಿನಿಂದ ಮಂಗಳೂರಿಗೆ ರಾತ್ರಿ ಬಸ್ಸು ಓಡಿಸಿದವರು. ಮಂಜು ಎಲ್ಲಿ ಕಟ್ಟುತ್ತದೆ, ಯಾವ ತಿರುವಿನಲ್ಲಿ ಎದುರಿನ ಲಾರಿಯ ದೀಪ ಕಾಣುವ ಮೊದಲೇ ಸದ್ದು ಕೇಳುತ್ತದೆ, ಎಲ್ಲಿ ಗೇರು ಇಳಿಸಬೇಕು, ಎಲ್ಲಿ ಬ್ರೇಕು ಮುಟ್ಟಲೇಬಾರದು ಎಂದು ಹೇಳುತ್ತ ಸಂಪಾಜೆ ಘಾಟಿ ಇಳಿಸುತ್ತಿದ್ದರು. ಬಸ್ಸು ಕೆಳಗೆ ತಲುಪುವಷ್ಟರಲ್ಲಿ ನನ್ನದೂ ಇಳಿದಿರುತ್ತಿತ್ತು. ಮೊದಲ ವಾರ ದಿನಕ್ಕೆ ನಾಲ್ಕೈದು ಸಲ ಆ ಘಾಟಿ ಇಳಿದಿದ್ದೇನೆ.

ಮೂರು ವಾರ ಮುಂದಿದ್ದವರು ಎಂದೆನಲ್ಲ, ಅದು ಮುಖ್ಯ. ವೈದ್ಯರು ಹೇಳುವುದು ಸರಿಯೇ ಇರುತ್ತದೆ, ಆದರೆ ಅವರು ಹೇಳದ ಎಷ್ಟೋ ಸಣ್ಣ ವಿಷಯಗಳನ್ನು ಈಗಷ್ಟೇ ದಾಟಿ ಬಂದವರು ಹೇಳುತ್ತಾರೆ. ಬಿಟ್ಟ ಮೊದಲ ವಾರ ಮಲಬದ್ಧತೆ ಆಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಡ್ರೈವರಣ್ಣ ಸಂಕೋಚವಿಲ್ಲದೆ ಹೇಳಿ, ಪಚ್ಚಬಾಳೆ ತಿನ್ನು ಎಂದರು. ಬಾಯಲ್ಲಿ ಹುಣ್ಣಾಗಬಹುದು, ಕೆಮ್ಮು ಕಡಿಮೆಯಾಗುವ ಬದಲು ಕೆಲವು ದಿನ ಹೆಚ್ಚಬಹುದು, ಹೆದರಬೇಡ ಎಂದರು. ಶ್ವಾಸನಾಳದೊಳಗಿನ ಸೂಕ್ಷ್ಮ ರೋಮಗಳು ಮತ್ತೆ ಕೆಲಸಕ್ಕೆ ಹತ್ತಿ ಕಫವನ್ನು ಮೇಲೆ ತಳ್ಳುವುದರಿಂದ ಹಾಗಾಗುತ್ತದೆ ಎಂದು ಆಮೇಲೆ ತಿಳಿಯಿತು.

ಕಾಫಿಯದು ಇನ್ನೂ ವಿಚಿತ್ರ. ಹಿಂದೆ ಮೂರು ಸಲ ಬಿಟ್ಟಾಗಲೂ ನನಗೆ ಎದೆ ಡವಗುಟ್ಟುತ್ತಿತ್ತು, ಕೈ ನಡುಗುತ್ತಿತ್ತು. ಸಿಗರೇಟಿಲ್ಲದ ಸಂಕಟ ಇದು, ತಡೆಯಲಾರೆ ಎಂದುಕೊಂಡೇ ಮತ್ತೆ ಹಚ್ಚುತ್ತಿದ್ದೆ. ಮೇಡಂ ವಿಷಯ ಬಿಡಿಸಿ ಹೇಳಿದರು. ತಂಬಾಕಿನ ಹೊಗೆಯಿಂದಾಗಿ ಸೇದುವವರ ಯಕೃತ್ತು ಕೆಫೀನನ್ನು ಬೇಗ ಬೇಗ ಅರಗಿಸಿ ಮುಗಿಸುತ್ತದೆ. ಬಿಟ್ಟ ಮೇಲೆ ಆ ವೇಗ ಇಳಿಯುತ್ತದೆ. ಮೊದಲಿನಂತೆಯೇ ಐದು ಲೋಟ ಫಿಲ್ಟರ್ ಕಾಫಿ ಕುಡಿದರೆ ಮೈಯೊಳಗೆ ಎಂಟೋ ಹತ್ತೋ ಲೋಟದಷ್ಟು ಕೆಲಸ ಮಾಡುತ್ತದೆ. ನಾನು ಕಾಫಿಯನ್ನು ಅರ್ಧಕ್ಕೆ ಇಳಿಸಿದೆ. ನಡುಕ ಮೂರೇ ದಿನದಲ್ಲಿ ಹೋಯಿತು. (ಬೇರೆ ಕಾಯಿಲೆಗಳಿಗೆ, ಅದರಲ್ಲೂ ಮನೋರೋಗಕ್ಕೆ ಮಾತ್ರೆ ತೆಗೆದುಕೊಳ್ಳುವವರು ಬಿಡುವ ಮೊದಲು ವೈದ್ಯರಿಗೆ ತಿಳಿಸಬೇಕು. ಕೆಲವು ಔಷಧಗಳ ಲೆಕ್ಕವೂ ಹೀಗೆಯೇ ಬದಲಾಗುತ್ತದೆ.)

ವೈದ್ಯರು ಬರೆದುಕೊಟ್ಟ ನಿಕೋಟಿನ್ ಗಮ್ಮನ್ನು ನಾನು ಮಕ್ಕಳಂತೆ ಜಗಿದು ಬಿಕ್ಕಳಿಕೆ ಬರಿಸಿಕೊಂಡೆ. ಅದನ್ನು ಹಾಗೆ ಜಗಿಯಬಾರದು. ನಿಧಾನವಾಗಿ ಕೆಲವು ಸಲ ಕಚ್ಚಿ, ಖಾರವೋ ಚುರುಚುರು ಎನಿಸುವುದೋ ಶುರುವಾದ ಕೂಡಲೇ ಕೆನ್ನೆಯ ಒಳಬದಿಗೆ ಸರಿಸಿ ಸುಮ್ಮನಿರಬೇಕು. ಚುರುಗುಟ್ಟುವುದು ನಿಂತಾಗ ಮತ್ತೆ ಕಚ್ಚಬೇಕು. ಕಾಫಿ, ನಿಂಬೆ ಪಾನಕ ಕುಡಿದ ಕೂಡಲೇ ಹಾಕಿಕೊಂಡರೆ ಕೆಲಸ ಮಾಡುವುದಿಲ್ಲ, ಕಾಲು ಗಂಟೆ ಬಿಡಬೇಕು. ಗಮ್ಮನ್ನು ಬಯ್ದು ಬಿಸಾಡುವವರಲ್ಲಿ ಎಷ್ಟೋ ಜನ ಅದನ್ನು ನನ್ನಂತೆ ಜಗಿದವರೇ ಇರಬೇಕು.

ಹತ್ತೊಂಬತ್ತನೆಯ ದಿನ ನಾನು ಬಿದ್ದೆ. ನಿಕೋಟಿನ್ ರಕ್ತದಲ್ಲಿ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕಿಳಿಯುವ ವಸ್ತು. ಮೂರು ದಿನ ಕಳೆದರೆ ಸಿಗರೇಟಿನಿಂದ ಬಂದದ್ದು ಮೈಯಲ್ಲಿ ಉಳಿದಿರುವುದೇ ಕಷ್ಟ. ಆದರೂ ಬೀಗರೂಟದ ಪಂಕ್ತಿಯಿಂದ ಎದ್ದು, ಕೈ ತೊಳೆದು, ಭಾವಮೈದುನನ ಜೊತೆ ಛತ್ರದ ಹಿಂದೆ ಹೋದಾಗ ಕೈ ತಾನಾಗಿ ಚಾಚಿತು. ಒಂದು ಸೇದಿದೆ. ಬರುವಾಗ ಒಂದು ಪ್ಯಾಕನ್ನೇ ಕೊಂಡೆ. ಎರಡು ದಿನ ಗುಂಪಿನಲ್ಲಿ ಸದ್ದಿಲ್ಲದೆ ಕುಳಿತೆ. ಮೂರನೆಯ ದಿನ ಮೇಸ್ತ್ರಿ ಫೋನ್ ಮಾಡಿದರು.

"ಎಷ್ಟಾಯಿತು ಸಾರ್?"

"ಮೂರು."

"ಉಳಿದದ್ದು?"

"ಏಳು ಇದೆ."

"ಕಸದ ಬುಟ್ಟಿಗೆ ಹಾಕಬೇಡಿ, ರಾತ್ರಿ ಎದ್ದು ಹುಡುಕುತ್ತೀರಿ. ಬಚ್ಚಲಿಗೆ ಹೋಗಿ, ಬಕೆಟ್ಟಿಗೆ ಹಾಕಿ ನಲ್ಲಿ ಬಿಡಿ. ಫೋನು ಹಿಡಿದುಕೊಂಡೇ ಹೋಗಿ, ನನಗೆ ನೀರಿನ ಸದ್ದು ಕೇಳಬೇಕು."

ಅವರು ಕಸದ ಬುಟ್ಟಿಯ ಮಾತು ಅನುಭವದಿಂದಲೇ ಹೇಳುತ್ತಿದ್ದರು ಎಂದು ಗೊತ್ತಾಯಿತು. ನಾನೂ ಹಿಂದೊಮ್ಮೆ ಹುಡುಕಿದವನೇ. ಅಲ್ಲಿಗೆ ಆ ಪ್ಯಾಕು ಮುಗಿಯಿತು. ಯಾಕೆ ಸೇದಿದೆ ಎಂದು ಅವರು ಇವತ್ತಿನವರೆಗೂ ಕೇಳಿಲ್ಲ. ಮನೆಯವರಾಗಿದ್ದರೆ ಕೇಳದೆ ಬಿಡುತ್ತಿರಲಿಲ್ಲ, ನಾನು ಸುಳ್ಳು ಹೇಳದೆ ಇರುತ್ತಿರಲಿಲ್ಲ.

ಜೊತೆಗಾರರ ಪ್ರಭಾವ ಬರೀ ಭಾವನೆಯೇ ಎಂದು ನಿಮಗೆ ಅನುಮಾನವಿದ್ದರೆ, ಮೇಡಂ ಒಂದು ಭಾನುವಾರ ಕುಕ್ಕರಹಳ್ಳಿ ಕೆರೆ ಸುತ್ತುವಾಗ ಹೇಳಿದ ಅಧ್ಯಯನ ನೋಡಿ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಹೃದಯದ ಆರೋಗ್ಯದ ಬಗ್ಗೆ 1948ರಿಂದ ಅಧ್ಯಯನ ನಡೆಯುತ್ತಿದೆ. ಅದರ ದಾಖಲೆಗಳಿಂದ 12,067 ಮಂದಿಯ ಸಂಬಂಧಗಳ ಜಾಲವನ್ನು 1971ರಿಂದ 2003ರವರೆಗೆ ಹಿಂಬಾಲಿಸಿ, ಕ್ರಿಸ್ಟಾಕಿಸ್ ಮತ್ತು ಫೌಲರ್ ಎಂಬ ಇಬ್ಬರು ಸಂಶೋಧಕರು 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಂಡ ಹೆಂಡಿರಲ್ಲಿ ಒಬ್ಬರು ಬಿಟ್ಟರೆ ಇನ್ನೊಬ್ಬರು ಸೇದುವ ಸಾಧ್ಯತೆ ಶೇ 67ರಷ್ಟು ತಗ್ಗುತ್ತಿತ್ತು. ಸ್ನೇಹಿತ ಬಿಟ್ಟರೆ ಶೇ 36, ಸಣ್ಣ ಕಚೇರಿಯ ಸಹೋದ್ಯೋಗಿ ಬಿಟ್ಟರೆ ಶೇ 34. ಜನ ಒಬ್ಬೊಬ್ಬರಾಗಿ ಬಿಡುವುದಕ್ಕಿಂತ ಗುಂಪು ಗುಂಪಾಗಿ ಬಿಡುತ್ತಿದ್ದರು. ಡ್ರೈವರಣ್ಣ ಎಲ್ಲವನ್ನೂ ಕೇಳಿ, "ಹಿಡಿದದ್ದೂ ಹಾಗೇ ಅಲ್ಲವೇ ಮೇಡಂ, ನನಗೆ ಕಂಡಕ್ಟರ್ ಕಲಿಸಿದ" ಎಂದರು.

ಎಲ್ಲ ಪ್ರೋತ್ಸಾಹವೂ ಒಂದೇ ಅಲ್ಲ. ಹೂವಿನ ಚಿತ್ರದ ಶುಭೋದಯ, ಕರಿ ಬಿದ್ದ ಶ್ವಾಸಕೋಶದ ಫೋಟೊ, ನೀವು ಸಿಂಹ ಎನ್ನುವ ಸಂದೇಶ ನನಗೆ ಕಿಂಚಿತ್ತೂ ನೆರವಾಗಲಿಲ್ಲ. ನಡುವೆ ಒಬ್ಬರು ನಮ್ಮ ಗುಂಪಿಗೆ ಬಂದರು. ಹನ್ನೆರಡು ವರ್ಷದ ಹಿಂದೆ ಯಾರ ಸಹಾಯವೂ ಇಲ್ಲದೆ ಒಂದೇ ಏಟಿಗೆ ಬಿಟ್ಟವರಂತೆ. ದಿನವೂ ಅದನ್ನೇ ಹೇಳುತ್ತಿದ್ದರು. ಅವರಿದ್ದ ಹದಿನೈದು ದಿನ ನಮ್ಮಲ್ಲಿ ಯಾರೂ ಬಿದ್ದೆ ಎಂದು ಒಪ್ಪಿಕೊಳ್ಳಲಿಲ್ಲ. ಬೀಳದೇ ಇದ್ದೆವು ಎಂದಲ್ಲ.

ಮೇಸ್ತ್ರಿಯ ಕಥೆ ಅರ್ಧ ಗೆಲುವು. ಕಟ್ಟಡದ ಕೆಲಸದಲ್ಲಿ ಬೀಡಿ ಸೇದುವವನಿಗೆ ಕೂರಲು ಐದು ನಿಮಿಷ ಸಿಗುತ್ತದೆ. ಸೇದದವನು ಸುಮ್ಮನೆ ಕುಳಿತರೆ ಸೋಮಾರಿ. ಬೀಡಿ ಬಿಟ್ಟ ಮೇಲೆ ಅವರು ಆ ಐದು ನಿಮಿಷಕ್ಕೆ ಎಲೆ ಅಡಿಕೆ ಹಿಡಿದರು, ಮೊದಲು ಬರೀ ಅಡಿಕೆ, ಆಮೇಲೆ ತಂಬಾಕಿನ ಕಡ್ಡಿಪುಡಿ. ನಮ್ಮಲ್ಲಿ ಇದನ್ನು ಚಟವೆಂದೇ ಯಾರೂ ಎಣಿಸುವುದಿಲ್ಲ, ತಾಂಬೂಲಕ್ಕೆ ಮರ್ಯಾದೆ ಬೇರೆ ಇದೆ. ಆದರೆ ಜಗಿಯುವ ತಂಬಾಕಿನಲ್ಲೂ ಇರುವುದು ಅದೇ ನಿಕೋಟಿನ್. ಅಡಿಕೆಯಂತೂ ತಂಬಾಕಿಲ್ಲದೆಯೇ ಬಾಯಿ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಮೇಸ್ತ್ರಿ ಈಗ ಕಡ್ಡಿಪುಡಿ ಬಿಡುತ್ತಿದ್ದಾರೆ. ಇದು ಎರಡನೆಯ ಸಲ. ಬಚ್ಚಲಿನ ನೀರಿನ ಸದ್ದು ಕೇಳಿಸಿಕೊಳ್ಳುವ ಸರದಿ ನನ್ನದು.

ನಿಮಗೆ ಇಂಥ ಜೊತೆ ಎಲ್ಲಿ ಸಿಗುತ್ತದೆ? 1800-11-2356 ಎಂಬ ಉಚಿತ ಸಹಾಯವಾಣಿ ಇದೆ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಅದರ ಒಂದು ಕೇಂದ್ರವಾದ್ದರಿಂದ ಕನ್ನಡದಲ್ಲೇ ಮಾತಾಡಬಹುದು. ದಿನ ಗೊತ್ತು ಮಾಡಿಕೊಳ್ಳಲು ನೆರವಾಗುತ್ತಾರೆ, ಆಮೇಲೆ ಅವರೇ ಮತ್ತೆ ಕರೆ ಮಾಡಿ ವಿಚಾರಿಸುತ್ತಾರೆ. ಆ ಸಂಖ್ಯೆ ಸಿಗರೇಟ್ ಪ್ಯಾಕಿನ ಮೇಲೆಯೇ ಅಚ್ಚಾಗಿರುತ್ತದೆ, ಪ್ಯಾಕಿನ ಶೇ 85 ಭಾಗವನ್ನು ಆವರಿಸುವ ಆ ಭಯಂಕರ ಚಿತ್ರಸಹಿತ ಎಚ್ಚರಿಕೆಯಲ್ಲಿ. ಪೆಟ್ಟಿಗೆ ಅಂಗಡಿಯಲ್ಲಿ ಒಂದೊಂದೇ ಬಿಡಿಯಾಗಿ ಕೊಂಡು ಸೇದುವ ನನ್ನಂಥವನು ಅದನ್ನು ಗಮನಿಸಿಯೇ ಇರಲಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ತಂಬಾಕು ಬಿಡಿಸುವ ವಿಭಾಗ ಎಲ್ಲಿದೆ ಎಂದೂ ಕೇಳಿ ನೋಡಿ, ಅಲ್ಲಿಯ ಬೆಂಚಿನ ಮೇಲೆ ಯಾರಾದರೂ ಕುಳಿತಿರುತ್ತಾರೆ. ನಿಮಗಿಂತ ಎರಡು ಮೂರು ವಾರ ಮುಂದಿರುವ ಒಬ್ಬರು ಸಿಕ್ಕರೆ ಸಾಕು. ನೂರು ಜನರ ಗುಂಪು ಬೇಡ.

ಕಳೆದ ತಿಂಗಳು ರಾತ್ರಿ ಹತ್ತೂವರೆಗೆ ಡ್ರೈವರಣ್ಣನ ಫೋನ್ ಬಂತು. ಅವರ ಮನೆಯವರನ್ನು ಆಸ್ಪತ್ರೆಗೆ ಸೇರಿಸಿದ್ದರು, ಬೆಳಿಗ್ಗೆ ಶಸ್ತ್ರಚಿಕಿತ್ಸೆ. "ಹೊರಗೆ ಅಂಗಡಿಯ ಮುಂದೆ ನಿಂತಿದ್ದೇನೆ ಕಣಯ್ಯಾ" ಎಂದರು. ಮೂರು ವರ್ಷ ದಾಟಿದ ಮನುಷ್ಯ. ನನಗೆ ಘಾಟಿ ಇಳಿಸಲು ಬರುವುದಿಲ್ಲ, ಬೈಕನ್ನೇ ಹೆದರಿ ಓಡಿಸುವವನು. ಬಾಯಿಗೆ ಬಂದದ್ದು ಊರಿನ ಬ್ಯಾರನ್ನು, ಅಂದರೆ ಹೊಗೆಸೊಪ್ಪು ಹದಮಾಡುವ ಮನೆ. ಕಡ್ಡಿಗೆ ಎಲೆ ಪೋಣಿಸಿ ಅಟ್ಟಕ್ಕೆ ಏರಿಸುವುದು, ಮೊದಲು ಸಣ್ಣ ಶಾಖದಲ್ಲಿ ಎಲೆ ಹಳದಿಗೆ ತಿರುಗುವವರೆಗೆ ಕಾಯುವುದು, ಆಮೇಲೆ ದಿನದಿಂದ ದಿನಕ್ಕೆ ಶಾಖ ಏರಿಸಿ ನಡುನರ ಒಣಗಿಸುವುದು, ಐದಾರು ರಾತ್ರಿ ಸೌದೆ ಒಡ್ಡುತ್ತ ಅಪ್ಪನೂ ನಾನೂ ಸರದಿಯಲ್ಲಿ ಎಚ್ಚರವಿರುತ್ತಿದ್ದುದು, ಒಮ್ಮೆ ನಾನು ನಿದ್ದೆ ಹೋಗಿ ಒಂದು ಬ್ಯಾರನ್ನಿನ ಸೊಪ್ಪೆಲ್ಲ ಕೆಟ್ಟದ್ದು, ಎಲ್ಲ ಹೇಳಿದೆ. ಅವರು ಹೂಂ ಹೂಂ ಎನ್ನುತ್ತಿದ್ದರು.

ಕೊನೆಗೆ, "ಅಲ್ಲಯ್ಯಾ, ಸಿಗರೇಟು ಬೇಡ ಅನ್ನಿಸುವುದಕ್ಕೆ ಹೊಗೆಸೊಪ್ಪಿನ ಕಥೆ ಹೇಳುತ್ತೀಯಲ್ಲ" ಎಂದು ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ, ಕಬ್ಬಿಣದ ಬಾಗಿಲು ಕೆಳಗೆಳೆಯುವ ಸದ್ದು ಮಾತ್ರ ಬಂತು.

"ಅಂಗಡಿ ಮುಚ್ಚಿದ. ನೀನು ಮಲಗು" ಎಂದರು.