ಕೌನ್ಸೆಲಿಂಗ್ ನಡೆಯುತ್ತಿರುವಾಗ ದಂಪತಿಗಳ ವರ್ಕ್‌ಶಾಪ್ ಕೂಡ ಬೇಕಾ?

ಕಲಬುರಗಿಯಲ್ಲಿ ಇಬ್ಬರೂ ಕೌನ್ಸೆಲಿಂಗ್‌ಗೆ ಹೋಗುತ್ತಿದ್ದೀರಿ, ಈಗ ಎರಡು ದಿನದ ವರ್ಕ್‌ಶಾಪ್‌ಗೂ ಹೋಗಿ ಅಂದಿದ್ದಾರೆ, ಇದು ಸುಮ್ನೆ ಖರ್ಚಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಹೋಗಿ.

ಕೌನ್ಸೆಲರ್ ಎದುರು ಸಿಗುವುದು ವಾರಕ್ಕೆ ಒಂದು ಗಂಟೆ. ಅದರಲ್ಲಿ ಅರ್ಧ ಹೊತ್ತು ಹಿಂದಿನ ವಾರದ ಜಗಳದ ಪಂಚಾಯಿತಿಗೇ ಹೋಗುತ್ತದೆ, ಅಲ್ವಾ? ವರ್ಕ್‌ಶಾಪ್‌ನಲ್ಲಿ ಜಾಸ್ತಿ ಅಭ್ಯಾಸವೇ. ‘ನೀವು ಯಾವಾಗಲೂ ಲೇಟು’ ಅನ್ನುವ ಬದಲು ‘ರೊಟ್ಟಿ ಬಡಿದಿಟ್ಟು ಒಂಬತ್ತರ ತನಕ ಕಾದೆ, ಬೇಜಾರಾಯಿತು, ಒಂದು ಫೋನ್ ಮಾಡಿ’ ಅನ್ನುವುದು. ಕೇಳಿದವರು ಉತ್ತರ ಕೊಡುವ ಮೊದಲು ಅದನ್ನೇ ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಸುಲಭ ಅನಿಸುತ್ತದೆ, ಮಾಡಿ ನೋಡಿ! ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್ಮನ್ ಕಂಡುಕೊಂಡಂತೆ ಗಂಡ ಹೆಂಡತಿ ಜಗಳಗಳಲ್ಲಿ ಸುಮಾರು ಶೇ. 69ರಷ್ಟು ಪೂರ್ತಿ ಬಗೆಹರಿಯುವಂಥವಲ್ಲ. ಹಾಗಾಗಿ ಮಾತಾಡುವ ರೀತಿ ಕಲಿಯುವುದೇ ಉಪಯೋಗ.

ಮಂದಿ ಎದುರು ಮನೆ ಮಾತು ಆಡಬೇಕಾ ಅನ್ನುವ ಅಂಜಿಕೆ ಇದ್ದರೆ ಮೊದಲೇ ವಿಚಾರಿಸಿ. ಎಷ್ಟೋ ಕಡೆ ಜೋಡಿಗಳು ತಮ್ಮತಮ್ಮಲ್ಲೇ ಮಾತಾಡಿದರೆ ಸಾಕು. (ಸೂಪರ್ ಮಾರ್ಕೆಟ್‌ಗೆ ಹೋದರೆ ನಾಲ್ಕು ನೆಂಟರು ಸಿಗುವ ಊರು ನಮ್ಮದು, ಅಂಜಿಕೆ ಸಹಜ.)

ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಮಾತ್ರ ವರ್ಕ್‌ಶಾಪ್ ಬೇಡ. ಅದನ್ನು ಕೌನ್ಸೆಲರ್‌ಗೆ ಒಬ್ಬರೇ ಇದ್ದಾಗ ಹೇಳಿ. ಮಹಿಳಾ ಸಹಾಯವಾಣಿ 181 ಕೂಡ ಇದೆ.