ನಿಕ್ಸನ್ ಸರಣಿ ನೋಡೋದಾದ್ರೆ ಇಯರ್‌ಫೋನ್ ಹಾಕ್ಕೊಳ್ಳಿ

ವಾಟರ್‌ಗೇಟ್ ಹಗರಣದಲ್ಲಿ ಕುರ್ಚಿ ಕಳೆದುಕೊಂಡ ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಬಗ್ಗೆ ಹಳೇ ಫಿಲ್ಮು, ಟೇಪು ಜೋಡಿಸಿ ಮಾಡಿದ ಸರಣಿಗಳು ಇವೆಯಲ್ಲ, ಅಮೆರಿಕದ ರಾಜಕೀಯ ಗೊತ್ತಿಲ್ಲದವರು ನೋಡಿದರೆ ತಲೆಗೆ ಹೋಗುತ್ತಾ ಅಂತ ಕೇಳಿದ್ದೀರಿ. ಹೋಗುತ್ತೆ. ನಾನು ಅಂಥದ್ದೊಂದನ್ನು ನೋಡಿದ್ದು ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ, ಜಡಿಮಳೆಯಲ್ಲಿ, ಕರೆಂಟ್ ಇದ್ದಾಗ ಇದ್ದಷ್ಟು ಹೊತ್ತು. ಜೊತೆಗೆ ದೊಡ್ಡಪ್ಪ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನಾನೇ ನಿಲ್ಲಿಸಿ ನಿಲ್ಲಿಸಿ ಹೇಳುತ್ತಿದ್ದೆ.

ಕಥೆ ಸುಲಭ. 1972ರ ಜೂನ್ 17ರಂದು ವಾಟರ್‌ಗೇಟ್ ಕಟ್ಟಡದಲ್ಲಿದ್ದ ಎದುರಾಳಿ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದ, ನಿಕ್ಸನ್ ಕಡೆಯ ಐದು ಜನ ಸಿಕ್ಕಿಬಿದ್ದರು. ಅದನ್ನು ಮುಚ್ಚಿಹಾಕಲು ಹೋಗಿ ಅಧ್ಯಕ್ಷರೇ ಸಿಕ್ಕಿಕೊಂಡರು, ಅದೂ ತಮ್ಮದೇ ದನಿಯಿಂದ. 1971ರಿಂದ ತಮ್ಮ ಕಚೇರಿಯಲ್ಲಿ ಗುಟ್ಟಾಗಿ ಮೈಕ್ ಇಡಿಸಿದ್ದರು, ಒಟ್ಟು ಸುಮಾರು 3,700 ಗಂಟೆಯ ಟೇಪು. 1973ರ ಜುಲೈ 16ರಂದು ಬಟರ್‌ಫೀಲ್ಡ್ ಅನ್ನೋ ಅವರ ಹಳೇ ಸಹಾಯಕ ಸೆನೆಟ್ ವಿಚಾರಣೆಯಲ್ಲಿ, ಟಿವಿ ಕ್ಯಾಮೆರಾ ಮುಂದೆಯೇ, ಅದನ್ನು ಹೇಳಿಬಿಟ್ಟರು. ಆ ಜಾಗ ತಪ್ಪಿಸಬೇಡಿ.

ನಮ್ಮ ಮನೆಯಲ್ಲಿ ಜಾಸ್ತಿ ಹೊತ್ತು ನಿಂತಿದ್ದು ಮಾತ್ರ ಹದಿನೆಂಟೂವರೆ ನಿಮಿಷದ ಹತ್ತಿರ. 1972ರ ಜೂನ್ 20ರ ಟೇಪಿನಲ್ಲಿ ಅಷ್ಟು ಹೊತ್ತು ಮಾತೇ ಇಲ್ಲ, ಬರೀ ಗುಂಯ್ ಅನ್ನೋ ಸದ್ದು. ಟೇಪು ಕೇಳಿ ಟೈಪ್ ಮಾಡುತ್ತಿದ್ದ ನಿಕ್ಸನ್ ಅವರ ಕಾರ್ಯದರ್ಶಿ ರೋಸ್ ಮೇರಿ ವುಡ್ಸ್, ಫೋನ್ ಬಂತು, ನಿಲ್ಲಿಸೋ ಗುಂಡಿ ಬದಲು ರೆಕಾರ್ಡ್ ಗುಂಡಿ ಒತ್ತಿಬಿಟ್ಟೆ, ಕಾಲು ಟೇಪು ಓಡಿಸೋ ಪೆಡಲ್ ಮೇಲೇ ಇತ್ತು, ಸುಮಾರು ಐದು ನಿಮಿಷ ಹಾಗೆ ಹೋಗಿರಬಹುದು ಅಂದರು. ಒಂದು ಕಾಲು ಪೆಡಲ್ ಮೇಲಿಟ್ಟು ಹಿಂದಿನ ಫೋನಿಗೆ ಕೈ ಚಾಚಿ ಮೈ ಎಳೆದುಕೊಂಡು ತೋರಿಸಿದ ಫೋಟೋ ಇದೆ. ಪರಿಣತರು ಪರೀಕ್ಷಿಸಿ, ಕಡಿಮೆ ಅಂದರೂ ಐದು ಸಲ ಅಳಿಸಿದ್ದಾರೆ ಅಂದರು.

ಫೋಟೋ ಬಂದಾಗ ದೊಡ್ಡಪ್ಪ ಟಿವಿ ನೋಡಲಿಲ್ಲ, ನನ್ನನ್ನು ನೋಡಿದರು. ಚಿಕ್ಕವನಿದ್ದಾಗ ಅವರ ತಾಳಮದ್ದಳೆ ಕ್ಯಾಸೆಟ್ ಮೇಲೆ ನಾನು ಮಗ್ಗಿ ರೆಕಾರ್ಡ್ ಮಾಡಿಟ್ಟಿದ್ದೆ. ಕೇಳಿದ್ದಕ್ಕೆ ಕೈ ತಾಗಿ ಹೋಯ್ತು ಅಂದಿದ್ದೆ. "ಕೆಂಪು ಗುಂಡಿ ಒಂದನ್ನೇ ಒತ್ತಿದ್ರೆ ಆಗಲ್ಲ ಮಾರಾಯ, ಪಕ್ಕದ್ದನ್ನೂ ಒತ್ಬೇಕು, ನಂಗೆ ಅವತ್ತೇ ಗೊತ್ತಿತ್ತು" ಅಂದರು.

ನಟರನ್ನು ಕೂರಿಸಿ ಆ ಮಾತುಗಳನ್ನು ಆಡಿಸಿದ ಸರಣಿಗಳೂ ಇವೆ. ನನಗೆ ಹಿಡಿಸಲ್ಲ. ನಿಜವಾದ ಟೇಪಿನಲ್ಲಿ ಕಪ್ಪು-ಸಾಸರ್ ಸದ್ದು, ಗೊಣಗಾಟ, ಅರ್ಧಕ್ಕೇ ನಿಂತ ಮಾತು, ಇವೇ ಮಜಾ. ಅದಕ್ಕೇ ಇಯರ್‌ಫೋನ್ ಹೇಳಿದ್ದು. ಮುಂದಿನದು ಬೇಗ ಬೇಗ ಸಾಗುತ್ತೆ: 1974ರ ಜುಲೈ 24ಕ್ಕೆ ಸುಪ್ರೀಂ ಕೋರ್ಟ್ 8-0 ತೀರ್ಪು ಕೊಟ್ಟು ಟೇಪು ಒಪ್ಪಿಸಿ ಅಂತು, ಆಗಸ್ಟ್ 9ಕ್ಕೆ ರಾಜೀನಾಮೆ, ಹೆಲಿಕಾಪ್ಟರ್.

ಅಳಿಸಿದ್ದು ಆಮೇಲೆ ಸಿಕ್ತಾ ಅಂತ ದೊಡ್ಡಪ್ಪ ಕೇಳಿದರು. ಇಲ್ಲ, ಅಲ್ಲಿನ ರಾಷ್ಟ್ರೀಯ ದಾಖಲೆ ಸಂಸ್ಥೆಯವರು ಪ್ರಯತ್ನಪಟ್ಟು 2003ರಲ್ಲಿ ಕೈಬಿಟ್ಟರು ಅಂದೆ.

"ನಂದೂ ಸಿಗಲಿಲ್ಲ" ಅಂತ ಹೇಳಿ ಎಲೆ-ಅಡಿಕೆ ತಟ್ಟೆ ಹತ್ತಿರ ಎಳೆದುಕೊಂಡರು.